ಇಟ್ಟರೆ ಪೂರ್ತಿ ಇಡಿ

ಎಡಿಟರ್ ಎಂದರೆ ಕತ್ತರಿಸುವವಳು ಎಂದಷ್ಟೇ ನಮ್ಮವರಿಗೆ ಗೊತ್ತು. ಒಮ್ಮೆ ಲಾಸ್ ಏಂಜಲೀಸ್ ಹತ್ತಿರದ ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಮೆಂತ್ಯ ಸೊಪ್ಪು ಆರಿಸುತ್ತಿದ್ದಾಗ ಪರಿಚಯದ ಆಂಟಿಯೊಬ್ಬರು, "ಏನಮ್ಮಾ, ಇನ್ನೂ ಅದೇ ಕಟಿಂಗ್ ಕೆಲಸಾನಾ?" ಅಂದರು. ಪಕ್ಕದಲ್ಲಿದ್ದವರು ನನ್ನನ್ನು ಟೈಲರ್ ಅಂದುಕೊಂಡು ಬ್ಲೌಸ್ ಹೊಲಿಸುವ ವಿಚಾರ ಎತ್ತಿದರು. ನಾನು ತಿದ್ದಲು ಹೋಗಲಿಲ್ಲ. ಆಗ ನಾನು ಮಾಡುತ್ತಿದ್ದದ್ದೂ ಅಂಥ ಘನಂದಾರಿ ಕೆಲಸವೇನಲ್ಲ. ನಮ್ಮ ಜನರ ಮದುವೆ, ಗೃಹಪ್ರವೇಶ, ಮಕ್ಕಳ ಭರತನಾಟ್ಯದ ರಂಗಪ್ರವೇಶ ಇವುಗಳ ವಿಡಿಯೋ. ಇಡೀ ಸಂಜೆಯ ರಂಗಪ್ರವೇಶವನ್ನು ಒಂದಿಷ್ಟಕ್ಕೆ ಇಳಿಸಬೇಕು, ಆದರೆ ಹುಡುಗಿಯ ಅಪ್ಪನ ಭಾಷಣಕ್ಕೆ ಮಾತ್ರ ಕತ್ತರಿ ತಾಗಬಾರದು. ಹುಡುಗಿ ಕುಣಿದದ್ದು ಎಷ್ಟು ಉಳಿಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

2020ರ ಬೇಸಿಗೆಯ ಹೊತ್ತಿಗೆ ಅದೂ ನಿಂತುಹೋಗಿತ್ತು. ಮದುವೆಗಳು ಝೂಮ್‌ನಲ್ಲಿ ನಡೆಯುತ್ತಿದ್ದವು, ಝೂಮ್‌ಗೆ ಎಡಿಟರ್ ಬೇಕಿಲ್ಲ. ಕಪ್ಪು ಮನುಷ್ಯನೊಬ್ಬನನ್ನು ಪೊಲೀಸರು ಕೊಂದಿದ್ದರು, ಊರೆಲ್ಲ ಮೆರವಣಿಗೆ, ಘೋಷಣೆ. ಲಾಸ್ ಏಂಜಲೀಸಿನ ದೊಡ್ಡ ದೊಡ್ಡ ಸಿನಿಮಾ ಕಂಪನಿಗಳು ತಮ್ಮ ಸೋಶಿಯಲ್ ಮೀಡಿಯಾ ಪುಟಗಳಲ್ಲಿ ಸಂತಾಪಕ್ಕೆಂದು ಒಂದೊಂದು ಕಪ್ಪು ಚೌಕ ಹಾಕಿಕೊಂಡು ಕೂತಿದ್ದವು. ನಾವು ಕೇಳಿಸಿಕೊಳ್ಳುತ್ತಿದ್ದೇವೆ, ಕಲಿಯುತ್ತಿದ್ದೇವೆ ಎಂದು ಅದರ ಕೆಳಗೆ ಬರೆದಿರುತ್ತಿದ್ದರು. ಅಷ್ಟು ಗದ್ದಲ ಮಾಡಿಕೊಂಡು ಕೇಳಿಸಿಕೊಳ್ಳುವವರನ್ನು ನಾನು ಎಲ್ಲೂ ಕಂಡಿರಲಿಲ್ಲ. ಅನುಮಾನ ಆಗಲೇ ಇತ್ತು ಎಂದು ಈಗ ಹೇಳಿಕೊಳ್ಳುವುದು ಸುಲಭ, ಆದರೆ ನಿಜಕ್ಕೂ ಇತ್ತು.

ಆಗ ಗೆಳತಿಯ ಫೋನ್ ಬಂತು. ಲಾಂಗ್ ಬೀಚಿನ ಯೂನಿವರ್ಸಿಟಿಯಲ್ಲಿ ನನ್ನ ಜೊತೆ ಸಿನಿಮಾ ಓದಿದವಳು. ಕಪ್ಪು ಜನಾಂಗದವಳು, ಸ್ಯಾನ್ ಡಿಯೇಗೋದ ಆಗ್ನೇಯ ಭಾಗದಲ್ಲಿ ಹುಟ್ಟಿ ಬೆಳೆದವಳು. "ನಮ್ಮ ಚರ್ಚಿನವರ ಜೊತೆ ಒಂದು ಸಿನಿಮಾ ಮಾಡ್ತಿದೀನಿ, ಬಂದು ಕೂತ್ಕೋ" ಎಂದಳು. ಬಂದು ಎಡಿಟ್ ಮಾಡು ಅನ್ನಲಿಲ್ಲ. ಅವಳ ರೀತಿಯೇ ಹಾಗೆ. ಓದುವಾಗ ಮೇಷ್ಟ್ರು ಶೂಟ್, ಶಾಟ್, ಕ್ಯಾಪ್ಚರ್ ಎಂದಾಗಲೆಲ್ಲ ಕೈ ಎತ್ತುತ್ತಿದ್ದಳು. "ಸರ್, ಈ ಮೂರೂ ನಮ್ಮ ಜನರ ಮೇಲೆ ಆಗಿದೆ. ಬೇರೆ ಪದ ಇದ್ರೆ ಹೇಳಿ." ಮೇಷ್ಟ್ರು ನಕ್ಕು ಮುಂದೆ ಹೋಗುತ್ತಿದ್ದರು. ನಾವೂ ನಗುತ್ತಿದ್ದೆವು. ಅವಳು ನಗುತ್ತಿರಲಿಲ್ಲ, ಕೈಯನ್ನೂ ಬೇಗ ಇಳಿಸುತ್ತಿರಲಿಲ್ಲ.

ಅವಳು ಮಾಡುವ ಕೆಲಸಕ್ಕೆ ವಿದ್ವಾಂಸರು ಇಟ್ಟ ಹೆಸರೊಂದಿದೆ. ಕನ್ನಡದಲ್ಲಿ ನಿರ್ವಸಾಹತೀಕರಣ ಎನ್ನುತ್ತಾರೆ, ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಅವಳ ಬಾಯಲ್ಲಿ ಆ ಪದ ನಾನು ಕೇಳಿದ್ದು ಕಡಿಮೆ. ಕ್ಯಾಮೆರಾ ನಮ್ಮನ್ನು ನೋಡುತ್ತಿದ್ದದ್ದು ಒಡೆಯನ ಕಣ್ಣಿನಿಂದ, ಆ ಕಣ್ಣನ್ನು ಮೊದಲು ತೊಳೆಯಬೇಕು, ಆಮೇಲೆ ಮಿಕ್ಕದ್ದು ಎನ್ನುತ್ತಿದ್ದಳು.

ತೊಳೆಯುವುದು ಹೇಗೆ ಎಂದು ನಾನು ನೋಡಿದ್ದು ಆ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ. ಕೋವಿಡ್ ಕಾಲ, ಒಳಗೆ ಸೇರುವ ಹಾಗಿಲ್ಲ. ಎಲ್ಲರೂ ತಮ್ಮ ತಮ್ಮ ಕಾರಿನಲ್ಲಿ ಕೂತು ರೇಡಿಯೋದಲ್ಲಿ ಪಾದ್ರಿಯ ಮಾತು ಕೇಳುತ್ತಿದ್ದರು. ಮಾತು ಮನಸ್ಸಿಗೆ ಬಂದರೆ ಆಮೆನ್ ಅನ್ನುವ ಬದಲು ಹಾರ್ನ್ ಹೊಡೆಯುತ್ತಿದ್ದರು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಳೆದ ನನ್ನ ಕಿವಿಗೆ ಹಾರ್ನ್ ಎಂದರೆ ಬೈಗುಳ. ಅದು ಭಕ್ತಿಯೂ ಆಗಬಹುದು ಎಂದು ಗೊತ್ತಾಗಲು ಒಂದೆರಡು ಭಾನುವಾರ ಬೇಕಾಯಿತು.

ಕ್ಯಾಮೆರಾ ಹೊರಗೆ ಬರುವ ಮೊದಲು ಅವಳು ಚರ್ಚಿನ ಬಾಗಿಲ ಬಳಿಯ ನಿಂಬೆ ಗಿಡದ ಕುಂಡಕ್ಕೆ ಹೂಜಿಯಿಂದ ನೀರು ಹಾಕಿ ತೀರಿಕೊಂಡವರ ಹೆಸರು ಹೇಳುತ್ತಿದ್ದಳು. ಆಮೇಲೆ ಹೂಜಿ ಕೈಯಿಂದ ಕೈಗೆ ಹೋಗುತ್ತಿತ್ತು, ಪ್ರತಿಯೊಬ್ಬರೂ ಒಂದೊಂದು ಹೆಸರು. ಅದು ಮುಗಿದ ಮೇಲೆ ಕ್ಯಾಮೆರಾವನ್ನು ಜನರ ಕೈಗೇ ಕೊಟ್ಟು, ಹಿಡಿದು, ತಿರುಗಿಸಿ, ಅದರ ಭಾರ ನೋಡಲು ಬಿಡುತ್ತಿದ್ದಳು. ಅವರಿಗೆ ಸಾಕೆನಿಸುವವರೆಗೆ ತಾನು ಮುಟ್ಟುತ್ತಿರಲಿಲ್ಲ. ಚರ್ಚಿನ ಕೆಲವು ಗಂಡಸರಿಗೆ ನೀರು ಹಾಕುವುದು ಹಿಡಿಸಲಿಲ್ಲ, ಬೈಬಲ್ಲಿನಲ್ಲಿ ಇಲ್ಲದ್ದು ಎಂದು ಗೊಣಗಿದರು. ಅವರ ಬಾಯಿ ಮುಚ್ಚಿಸಿದ್ದು ಒಬ್ಬ ಅಜ್ಜಿ. "ನೀರು ಹಾಕಿದ್ರೆ ಗಿಡಕ್ಕೂ ಒಳ್ಳೇದು, ಸುಮ್ನಿರಿ" ಅಂದರು.

ಆ ಅಜ್ಜಿ ಗೆಳತಿಗೆ ದೊಡ್ಡಮ್ಮನ ವರಸೆ. ಅಂಥ ಚರ್ಚುಗಳಲ್ಲಿ ಹಿರಿಯ ಹೆಂಗಸರನ್ನು ಮದರ್ ಎಂದೇ ಕರೆಯುತ್ತಾರೆ. ನಾನೂ ಹಾಗೇ ಕರೆದೆ. ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಕೈಗವಸು. ಮಗಳ ಕಾರಿನ ಮುಂದಿನ ಸೀಟಿನಲ್ಲಿ ಕಿಟಕಿ ಇಳಿಸಿ ಕೂತಿರುತ್ತಿದ್ದರು. ಮಗಳು ಶಾಲೆಯ ಬಸ್ ಓಡಿಸುವವಳು, ಐವತ್ತು ದಾಟಿದವಳು, ಮಾತು ಕಡಿಮೆ. ಮದರ್ ಮಾತ್ರ ಎಲ್ಲರ ಬಗ್ಗೆ ಏನಾದರೂ ಹೇಳುವವರು. ನನ್ನನ್ನು ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ, "ನಿನ್ನ ಬಣ್ಣ ಚೆನ್ನಾಗಿದೆ" ಅಂದರು. ಹುಟ್ಟಿದಂದಿನಿಂದ ಕಡಲೆಹಿಟ್ಟು, ಕೆನೆ, ಅರಿಶಿನ ಎಂದು ಮುಖಕ್ಕೆ ಬಳಿಸಿಕೊಂಡು ಬೆಳೆದವಳು ನಾನು. ನಮ್ಮ ಮನೆಯಲ್ಲಿ "ಬಣ್ಣ ಸ್ವಲ್ಪ ಕಮ್ಮಿ, ಆದ್ರೆ ಲಕ್ಷಣವಾಗಿದಾಳೆ" ಎನ್ನುವುದೇ ನನಗೆ ಸಿಗುತ್ತಿದ್ದ ದೊಡ್ಡ ಮೆಚ್ಚುಗೆ.

ಆ ದಿನಗಳಲ್ಲಿ ನಮ್ಮ ಕನ್ನಡ ವಾಟ್ಸ್ಯಾಪ್ ಗುಂಪಿನಲ್ಲಿ, ಏನು ಮಾಡುತ್ತಿದ್ದೀಯ ಎಂದು ಯಾರೋ ಕೇಳಿದರು. ಸ್ಯಾನ್ ಡಿಯೇಗೋದ ಚರ್ಚೊಂದರ ಹಿರಿಯರ ಬದುಕನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದೇವೆ ಎಂದು ಬರೆದೆ. ಚಪ್ಪಾಳೆಯ ಚಿತ್ರಗಳು ಬಂದವು. ಒಬ್ಬರು, "ಆ ಏರಿಯಾಗೆ ಒಬ್ಬರೇ ಡ್ರೈವ್ ಮಾಡ್ಕೊಂಡು ಹೋಗ್ಬೇಡಿ" ಎಂದು ಕಾಳಜಿ ತೋರಿಸಿದರು. ಪಕ್ಕದಲ್ಲಿ ಕೂತಿದ್ದ ಗೆಳತಿ ನಮ್ಮ ದುಂಡು ಅಕ್ಷರ ನೋಡಿ, ಏನು ಬರೆದಿದೀಯ ಓದಿ ಹೇಳು ಅಂದಳು. ಒಂದೊಂದೇ ಪದ ಬಿಡಿಸಿ ಹೇಳುತ್ತಾ ಹೋದವಳು 'ಸೆರೆಹಿಡಿ' ಹತ್ತಿರ ಬಂದು ನಿಂತೆ. ಪತ್ರಿಕೆಗಳಲ್ಲಿ ಓದಿ ಓದಿ ಅಭ್ಯಾಸವಾದ ಮಾತು. ಅದರಲ್ಲಿ ಸೆರೆ ಇದೆ ಎಂದು ಆವತ್ತಿನವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ನಿಜ ಹೇಳಿಬಿಟ್ಟೆ, ಹಿಡಿದು ಜೈಲಿಗೆ ಹಾಕುವುದು ಅಂತ.

"ನಿಮ್ಮಲ್ಲೂ ಹಾಗೇನಾ?" ಅಂದಳು. "ಬೇರೆ ಏನಂತೀರಿ?"

"ತೆಗೆಯೋದು ಅಂತೀವಿ. ಫೋಟೋ ತೆಗೆ, ಸಿನಿಮಾ ತೆಗೆ. ಆದರೆ ಅದಕ್ಕೆ ಕಿತ್ತುಹಾಕು ಅಂತಲೂ ಅರ್ಥ ಇದೆ."

"ಒಂದು ಹಿಡಿದು ಹಾಕುತ್ತೆ, ಇನ್ನೊಂದು ಕಿತ್ತು ಹಾಕುತ್ತೆ. ಕೇಳಿ ಪಡೆಯೋದಕ್ಕೆ ಪದ ಇಲ್ವಾ?"

ಆಗ ಹೊಳೆಯಿತು. ಕೇಳು. ನಮ್ಮಲ್ಲಿ ಪ್ರಶ್ನೆ ಕೇಳುವುದೂ ಕೇಳುವುದೇ, ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬೇಕು ಅಂತ ಬೇಡುವುದೂ ಅದೇ. ಮೂರಕ್ಕೂ ಒಂದೇ ಪದ ಎಂದೆ. ಅವಳ ಮುಖ ಅರಳಿದ್ದನ್ನು ಇವತ್ತಿಗೂ ಮರೆತಿಲ್ಲ. ಮುಂದಿನ ಭಾನುವಾರದಿಂದ ಆಕ್ಷನ್ ಅನ್ನುವ ಕಡೆ ಅವಳು 'ಕೇಲು' ಎನ್ನತೊಡಗಿದಳು. ಳಕಾರ ಅವಳ ನಾಲಿಗೆಗೆ ಕೊನೆಗೂ ಒಗ್ಗಲಿಲ್ಲ. ಆ ಪಾರ್ಕಿಂಗ್ ಜಾಗದಲ್ಲಿ ಮುದುಕರೆಲ್ಲ ತಮ್ಮ ತಮ್ಮಲ್ಲೇ ಕೇಲು, ಕೇಲು ಅಂದುಕೊಂಡು ನಗುತ್ತಿದ್ದರು. ನನಗೆ ಕನ್ನಡದ ಮೇಲೆ ಅಷ್ಟು ಹೆಮ್ಮೆ ಯಾವ ರಾಜ್ಯೋತ್ಸವದ ಭಾಷಣದಲ್ಲೂ ಬಂದಿರಲಿಲ್ಲ.

ಮದರ್ ಹಾಡಿದ್ದು ಆ ಚಳಿಗಾಲದಲ್ಲಿ. ಯಾರೂ ಹಾಡಿ ಎನ್ನಲಿಲ್ಲ. ಗೆಳತಿ ಕೇಲು ಎಂದು ಕ್ಯಾಮೆರಾದ ಹಿಂದೆ ಸುಮ್ಮನೆ ನಿಂತಳು, ಅವರು ಕಾರಿನಲ್ಲಿ ಕೂತೇ ಶುರು ಮಾಡಿದರು. ಲೂಸಿಯಾನಾದಲ್ಲಿ ಅವರ ಅಜ್ಜಿ ಬಟ್ಟೆ ಒಗೆಯುತ್ತಾ ಹಾಡುತ್ತಿದ್ದ ಹಾಡಂತೆ, ಚರ್ಚಿನ ಪುಸ್ತಕದಲ್ಲಿ ಇಲ್ಲ, ಯಾರೂ ಬರೆದಿಟ್ಟಿಲ್ಲ. ದನಿ ದೊಡ್ಡದೇನಲ್ಲ. ಮಧ್ಯದಲ್ಲಿ ಕೆಮ್ಮು ಬಂತು, ನೀರು ಕುಡಿದರು. ಒಂದು ಸಾಲು ಮರೆತು, "ಎಲ್ಲಿದ್ದೆ ನಾನು?" ಎಂದು ಪಕ್ಕದ ಕಾರಿನವರನ್ನು ಕೇಳಿದರು. ಅವರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಮೆಲ್ಲಗೆ ಒಂದು ಹಾರ್ನ್ ಹೊಡೆದರು. ಆಮೇಲೆ ಸಾಲು ಅದಾಗಿಯೇ ನೆನಪಾಗಿ ಮುಗಿಸಿದರು. ಮಗಳು ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತಿದ್ದಳು. ನಿಮಗೆ ಬರುತ್ತಾ ಈ ಹಾಡು ಎಂದು ಆಮೇಲೆ ಕೇಳಿದೆ. "ಅಮ್ಮ ಹೇಳಿಕೊಡಲಿಲ್ಲ. ನನಗೆ ಆತುರ ಜಾಸ್ತಿ, ಹಾಡನ್ನ ಓಡಿಸಿಬಿಡ್ತೀನಂತೆ" ಎಂದಳು.

ಮುಂದಿನ ವರ್ಷ ಎರಡನೇ ಅಲೆಯಲ್ಲಿ ಮೈಸೂರಿನಲ್ಲಿ ನನ್ನ ಅಪ್ಪ ಹೋದರು. ನಾನು ಹೋಗುವ ಹಾಗಿರಲಿಲ್ಲ. ಅಣ್ಣ ಫೋನಿನಲ್ಲಿ ಎಲ್ಲ ತೋರಿಸಿದ. ನಾನೂ ಇಲ್ಲಿಂದಲೇ ಒಂದಿಷ್ಟು ತರ್ಪಣ ಬಿಡಲೇ ಎಂದು ಪುರೋಹಿತರನ್ನು ಕೇಳಿದೆ. "ಹೆಣ್ಣುಮಕ್ಕಳು ಬಿಡೋ ಹಾಗಿಲ್ಲಮ್ಮ. ಅಣ್ಣ ಬಿಟ್ರೆ ನೀವು ಬಿಟ್ಟ ಹಾಗೇ" ಎಂದರು. ಅಣ್ಣ ಅಪ್ಪನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಭಾನುವಾರ ಸ್ಯಾನ್ ಡಿಯೇಗೋಗೆ ಹೋದಾಗ ಗೆಳತಿ ಏನೂ ಕೇಳದೆ ಹೂಜಿಯನ್ನು ನನ್ನ ಕೈಗೆ ಕೊಟ್ಟಳು. ನಿಂಬೆ ಗಿಡಕ್ಕೆ ನೀರು ಹಾಕಿ ಅಪ್ಪನ ಹೆಸರು ಹೇಳಿದೆ, ಅವರಪ್ಪನ ಹೆಸರನ್ನೂ ಸೇರಿಸಿ. ಅಷ್ಟುದ್ದದ ಹೆಸರನ್ನು ಅವರೆಲ್ಲ ತಪ್ಪುತಪ್ಪಾಗಿ ತಿರುಗಿ ಹೇಳಿದರು. ಅಲ್ಲೇ ಕೂತು ಅತ್ತೆ. ಅಪ್ಪ ಸತ್ತ ಮೇಲೆ ಆವತ್ತೇ ನಾನು ಅತ್ತದ್ದು.

ಸಿನಿಮಾ ಒಂದು ಹದಕ್ಕೆ ಬಂದಾಗ ಗೆಳತಿ ಅದನ್ನು ಮೊದಲು ತೋರಿಸಿದ್ದು ಚರ್ಚಿನ ಹಾಲಿನಲ್ಲಿ, ಅದರಲ್ಲಿ ಇದ್ದವರಿಗೇ. ಅವಳ ನಿಯಮ ಅದು. ಯಾರು ಬೇಕಾದರೂ ಯಾವಾಗ ಬೇಕಾದರೂ, ಕಾರಣ ಹೇಳದೆ, ನನ್ನನ್ನು ತೆಗೆದುಬಿಡಿ ಎನ್ನಬಹುದು. ಒಬ್ಬರು ತಾವು ಅತ್ತದ್ದನ್ನು ತೆಗೆಸಿದರು. ಒಬ್ಬರು ಹಳೆಯ ಕಾರು ಕಾಣುತ್ತದೆಂದು ತೆಗೆಸಿದರು, ನಾನು ಹಲ್ಲು ಕಚ್ಚಿಕೊಂಡು ತೆಗೆದೆ. ಮದರ್ ಹಾಡಿನಲ್ಲಿ ಮಾತ್ರ ನಾನು ವೃತ್ತಿಯ ಅಭ್ಯಾಸಬಲದಿಂದ ಕೆಮ್ಮು, ನೀರು ಕುಡಿದದ್ದು, ಮರೆತದ್ದು ಎಲ್ಲ ಕಳಚಿ, ಹಾಡು ನುಣ್ಣಗೆ ಹರಿಯುವ ಹಾಗೆ ಮಾಡಿದ್ದೆ. ಮದರ್ ನೋಡಿ ಮುಗಿಸಿ ನನ್ನನ್ನು ಕರೆದರು.

"ನನ್ನ ಕೆಮ್ಮು ಎಲ್ಲಿ?"

"ಕೇಳೋರಿಗೆ ಚೆನ್ನಾಗಿರಲಿ ಅಂತ ತೆಗೆದೆ, ಮದರ್."

"ಕೆಮ್ಮಿದ್ದೂ ನಾನೇ, ಮರೆತಿದ್ದೂ ನಾನೇ. ಇಟ್ಟರೆ ಪೂರ್ತಿ ಇಡಿ. ಕತ್ತರಿಸೋದಾದ್ರೆ ಇಡಲೇಬೇಡಿ." ಆಮೇಲೆ ಗೆಳತಿಯ ಕಡೆ ತಿರುಗಿ, "ನೀನೂ ಕೇಳಿಸ್ಕೊಂಡ್ಯಾ?" ಎಂದರು. ಅವಳು ಅವರ ಕೈ ಹಿಡಿದು ಮಾತು ಕೊಟ್ಟಳು. ಮಗಳು ಪಕ್ಕದಲ್ಲೇ ಇದ್ದಳು.

ಎಲ್ಲ ವಾಪಸು ಹಾಕಿದೆ. ಹಾಗೆ ಪೂರ್ತಿ ಇಟ್ಟ ಮೇಲೆ ಆ ಹಾಡೇ ಸಿನಿಮಾದ ಜೀವವಾಯಿತು ಎಂದು ನನಗೆ ಅನ್ನಿಸಿತು. ಮರೆತ ಸಾಲಿಗಾಗಿ ಅವರು ಹುಡುಕುವ ಹೊತ್ತಿನಲ್ಲಿ ನೋಡುವವರೂ ಉಸಿರು ಹಿಡಿದು ಹುಡುಕುತ್ತಿದ್ದರು. ಕೆಲವು ತಿಂಗಳಲ್ಲಿ ಮದರ್ ತೀರಿಕೊಂಡರು. ನಿದ್ದೆಯಲ್ಲೇ ಹೋದರಂತೆ.

ಅದಾದ ಮೇಲೆ ಲಾಸ್ ಏಂಜಲೀಸಿನ ಒಂದು ಕಂಪನಿ ಕರೆಯಿತು. ಕಪ್ಪು ಕಲಾವಿದರ ಸಿನಿಮಾಗಳಿಗೆಂದೇ ಹೊಸ ವಿಭಾಗ ತೆರೆದಿದ್ದರು. ಮೊದಲು ಸಿನಿಮಾದ ಒಳ್ಳೆಯ ಒಂದು ತುಣುಕು ಕಳಿಸಿ ಎಂದರು. ಗೆಳತಿ ಲಾಂಗ್ ಬೀಚಿನಲ್ಲಿ ನನ್ನ ಮನೆಯ ಊಟದ ಮೇಜಿನ ಮುಂದೆ ಕೂತು ಮದರ್ ಹಾಡನ್ನು ಅಪ್‌ಲೋಡ್ ಮಾಡಿದಳು. ಕಿಟಕಿಯ ಆಚೆ ಬಂದರಿನಲ್ಲಿ ಸರಕು ಇಳಿಸಲು ಜಾಗವಿಲ್ಲದೆ ಹಡಗುಗಳು ಸಾಲಾಗಿ ನಿಂತಿದ್ದವು. ಎಲ್ಲದಕ್ಕೂ ಒಪ್ಪಿದ್ದೇನೆ ಎಂಬ ಬಟನ್ ಬಂತು, ಒತ್ತಿದಳು. ನಾವೆಲ್ಲ ದಿನಾ ಒತ್ತುವ ಬಟನ್ನೇ ಅದು. ನಾನು ಪಕ್ಕದಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ.

ಕಂಪನಿಯ ಆಫೀಸಿನಲ್ಲಿ ನಮ್ಮನ್ನು ಕೂರಿಸಿದ ಹುಡುಗ ಬಹಳ ನಯ. ಪ್ರತಿ ಮಾತಿಗೂ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ. ಕೇಲು ಎಂಬ ಪದ ಕೇಳಿ ಅವನಿಗೆ ರೋಮಾಂಚನವೇ ಆಯಿತು. ಆಫ್ರಿಕಾದ ಯಾವ ಭಾಷೆ ಇದು ಎಂದು ಕೇಳಿದ. "ಮೈಸೂರಿನದು" ಎಂದಳು ಗೆಳತಿ. ಅವನು ಅದನ್ನೂ ಬರೆದುಕೊಂಡ. ಹೀಗೆ ಮೂಗಿಗೆ ತುಪ್ಪ ಸವರಿ ಆದ ಮೇಲೆ ವಿಷಯಕ್ಕೆ ಬಂದ. ಹಾಡು ಅದ್ಭುತ, ಆದರೆ ಉದ್ದ. ಕೆಮ್ಮು ಬೇಡ. ಕಾರಿನಲ್ಲಿ ಕೂತ ಅಜ್ಜಿಯನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ? ಹಾಡಿನ ಮೇಲೆ ಆ ಬೇಸಿಗೆಯ ಬೆಂಕಿ, ಪೊಲೀಸರು, ಓಡುವ ಜನ ಇವನ್ನು ಹಾಕಿದರೆ ಜನಕ್ಕೆ ಮುಟ್ಟುತ್ತದೆ. "ನೋವು ಸ್ವಲ್ಪ ಕಾಣಬೇಕಲ್ಲ" ಅಂದ.

ಗೆಳತಿ ದನಿ ಏರಿಸಲಿಲ್ಲ. "ಪೂರ್ತಿ ಇಡ್ತೀನಿ ಅಂತ ಮಾತು ಕೊಟ್ಟಿದೀನಿ" ಎಂದಳು. ಅವರೀಗ ಇಲ್ಲವಲ್ಲ ಎಂದ ಆ ಹುಡುಗ, ಬಹಳ ಮೃದುವಾಗಿ. ಎದ್ದು ಬಂದೆವು.

ಮುಂದಿನ ಭಾನುವಾರ ಚರ್ಚಿನಲ್ಲಿ ಎಲ್ಲ ಹೇಳಿದಳು. ಒಳ್ಳೇದು ಮಾಡಿದೆ ಎಂದರು ಎಲ್ಲರೂ. ಮದರ್ ಮಗಳು ಬಂದು ಅವಳನ್ನು ಅಪ್ಪಿಕೊಂಡಳು, ಅವಳು ಯಾರನ್ನಾದರೂ ಅಪ್ಪಿದ್ದು ನಾನು ನೋಡಿದ್ದು ಆವತ್ತೇ. ಆಮೇಲೆ ಸಿನಿಮಾ ತನ್ನ ಪಾಡಿಗೆ ಓಡಾಡಿತು. ಚರ್ಚುಗಳ ಹಾಲು, ಒಂದೆರಡು ಲೈಬ್ರರಿ, ಒಂದು ಸಲ ಕ್ಷೌರದಂಗಡಿ. ಪ್ರತಿ ಸಲವೂ ಚರ್ಚಿನಿಂದ ಯಾರಾದರೂ ಜೊತೆಗೆ ಬರುತ್ತಿದ್ದರು, ನೀರು ಹಾಕಿ ಹೆಸರು ಹೇಳಿಯೇ ಶುರು. ಕಂಪನಿಯ ಹೊಸ ವಿಭಾಗ ಎರಡು ವರ್ಷಕ್ಕೇ ಬಾಗಿಲು ಮುಚ್ಚಿತು. ಕಪ್ಪು ಚೌಕಗಳೂ ಪುಟಗಳಿಂದ ಕೆಳಗೆ ಜಾರಿ ಕಾಣೆಯಾದವು. ಆ ನಯದ ಹುಡುಗನ ಕೆಲಸವೂ ಹೋಯಿತೆಂದು ಕೇಳಿದೆ, ನನಗೇನೂ ಅಯ್ಯೋ ಅನ್ನಿಸಲಿಲ್ಲ.

ಹೋದ ವರ್ಷದ ಫೆಬ್ರವರಿ. ಕಪ್ಪು ಜನರ ಇತಿಹಾಸದ ತಿಂಗಳು ಎಂದು ಈ ದೇಶ ಆಚರಿಸುವ ತಿಂಗಳು. ಪೋರ್ಟರ್ ರ್ಯಾಂಚಿನಲ್ಲಿ ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಆಗಿ ಹೆಂಗಸರೆಲ್ಲ ಸೋಫಾದಲ್ಲಿ ಕೂತಿದ್ದೆವು. ಟಿವಿಯಲ್ಲಿ ಯಾವುದೋ ಅಡುಗೆ ಸ್ಪರ್ಧೆ. ಆ ಮನೆಯ ಆಂಟಿ, "ನಿಮ್ಮ ಆ ಕರಿಯರ ಸಿನಿಮಾ ಏನಾಯ್ತು? ಒಂದಿನ ಇಲ್ಲೇ ಹಾಕಿ, ನೋಡೋಣ. ಹೊಡೆದಾಟ ಇಲ್ಲ ತಾನೇ? ಮಕ್ಕಳಿದಾರೆ" ಅಂದರು. ನನ್ನ ಕೈಯಲ್ಲಿ ಪ್ರಸಾದದ ಸಜ್ಜಿಗೆ ಇತ್ತು. ಉತ್ತರ ಕೊಡಬೇಕು ಎನ್ನುವಷ್ಟರಲ್ಲಿ ಜಾಹೀರಾತು ಬಂತು, ಅದರಲ್ಲಿ ಮದರ್ ಹಾಡುತ್ತಿದ್ದರು.

ಅದೇ ಕಂಪನಿಯದು. ಎಲ್ಲರ ಕಥೆಗೂ ನಾವೇ ಮನೆ ಎಂಬರ್ಥದ ಮಾತು ಕೊನೆಗೆ. ಮದರ್ ಮುಖ ಎಲ್ಲೂ ಇಲ್ಲ. ಸಮುದ್ರದ ದಂಡೆಯಲ್ಲಿ ಬಗೆಬಗೆಯ ಬಣ್ಣದ ಚೆಂದದ ಹುಡುಗ ಹುಡುಗಿಯರು ನಗುತ್ತಾ ಓಡುತ್ತಿದ್ದರು. ಹಾಡಿಗೆ ಪಿಯಾನೋ ಸೇರಿಸಿದ್ದರು. ಕೆಮ್ಮಿಲ್ಲ, ಸಾಲು ಮರೆತದ್ದಿಲ್ಲ, ಎರಡು ಸಾಲಿನ ಮಧ್ಯೆ ಉಸಿರೂ ಇಲ್ಲ. ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಹೇಳಲೇಬೇಕು. ನನ್ನಂಥವಳೇ ಒಬ್ಬಳು ಎಲ್ಲೋ ಕೂತು ಮಾಡಿದ ಕೆಲಸ. "ಎಷ್ಟು ಇಂಪಾಗಿದೆ ಅಲ್ವಾ ದನಿ" ಎಂದರು ಆಂಟಿ. ನನ್ನ ಮುಖ ನೋಡಿ ಅವರ ಮಗಳು ರಿಮೋಟ್ ಎತ್ತಿಕೊಂಡು, "ಆಂಟಿ, ಡು ಯು ವಾಂಟ್ ಮಿ ಟು ರಿವೈಂಡ್?" ಎಂದಳು. ಬೇಡಮ್ಮ ಎಂದು ಎದ್ದು ಹೊರಗೆ ಬಂದು ಗೆಳತಿಗೆ ಫೋನ್ ಮಾಡಿದೆ.

ಆ ಬಟನ್ ಒತ್ತಿದಾಗಲೇ ಪ್ರಚಾರಕ್ಕೆ ಬಳಸಿಕೊಳ್ಳಬಹುದು ಎಂದು ಒಪ್ಪಿ ಆಗಿತ್ತಂತೆ. ಅವಳಿಗೆ ಪರಿಚಯದ ವಕೀಲರು ಅಷ್ಟು ಹೇಳಿ ಕೈ ಚೆಲ್ಲಿದರು. ಬಚ್ಚಿಡುವುದು ಅವಳ ಜಾಯಮಾನವಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಆ ಜಾಹೀರಾತನ್ನು ತೋರಿಸಿದಳು. ನಾನೂ ಹೋಗಿದ್ದೆ. ಜನ ಕಂಪನಿಯನ್ನು ಬೈದರು, ಒಬ್ಬರು ಬೀದಿಗಿಳಿಯೋಣ ಎಂದರು. ಮದರ್ ಮಗಳು ಎದ್ದು ನಿಂತಳು. "ಅಮ್ಮನ ಹಾಡು ಒಂದ್ಸಲ ಪೂರ್ತಿ ಹಾಕಿ" ಎಂದಳು. ಹಾಕಿದೆ. ಗೋಡೆಯ ಮೇಲೆ ಅವಳಮ್ಮ ಕೆಮ್ಮಿದರು, ನೀರು ಕುಡಿದರು, ಎಲ್ಲಿದ್ದೆ ನಾನು ಎಂದರು, ಮುಗಿಸಿದರು. ಅವಳು ನಿಂತೇ ನೋಡಿದಳು.

"ಈಗ ಅಳಿಸಿ" ಎಂದಳು.

ಗೆಳತಿಗೆ ಅರ್ಥವಾಗಲಿಲ್ಲ. "ಯಾವುದನ್ನ?"

"ಇದನ್ನ. ಎಲ್ಲ ಕಡೆಯಿಂದ. ಕತ್ತರಿಸಿದ್ರೆ ಇಡಬೇಡಿ ಅಂದಿದ್ರು. ಕತ್ತರಿಸಿ ಆಯ್ತಲ್ಲ."

"ಕತ್ತರಿಸಿದ್ದು ನಾವಲ್ಲ."

"ಕೊಟ್ಟಿದ್ದು ನೀನು."

ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ಇದೊಂದೇ ಉಳಿದಿರೋದು, ಪ್ರಪಂಚದಲ್ಲಿ ಇನ್ನೆಲ್ಲೂ ಈ ಹಾಡು ಇಲ್ಲ, ನಿಮಗೂ ಬರಲ್ಲ, ಸ್ವಲ್ಪ ಯೋಚನೆ ಮಾಡಿ ಎಂದೆ. ಅವಳು ನನ್ನ ಕಡೆ ಕೋಪದಿಂದೇನೂ ನೋಡಲಿಲ್ಲ. "ಅಮ್ಮ ಪ್ರಪಂಚಕ್ಕೆ ಹೇಳಿದ್ದಲ್ಲ. ನಿಮಗಿಬ್ಬರಿಗೆ ಹೇಳಿದ್ದು" ಎಂದಳು.

ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ. ಇವಳು ಕಾರಣ ಬೇರೆ ಹೇಳಿದ್ದಳು. ಗೆಳತಿ ನನಗೆ ಅಳಿಸು ಎಂದು ಸನ್ನೆ ಮಾಡಿದಳು. ನನಗೆ ಅವಳ ಮೇಲೆ, ಆ ಮಗಳ ಮೇಲೆ, ಸತ್ತ ಮದರ್ ಮೇಲೆ, ಈ ನಿಯಮದ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಅವರೆದುರೇ ಲ್ಯಾಪ್‌ಟಾಪಿನಿಂದ ಅಳಿಸಿದೆ, ಡ್ರೈವಿನಿಂದ ಅಳಿಸಿದೆ, ತೋರಿಸಲೆಂದು ಇಳಿಸಿಕೊಂಡಿದ್ದ ಜಾಹೀರಾತನ್ನೂ ಅಳಿಸಿದೆ. ಮನೆಯಲ್ಲಿ ಇನ್ನೊಂದು ಪ್ರತಿ ಇದೆ ಎಂದೆ. ಎಡಿಟರುಗಳು ಎಲ್ಲದರ ಎರಡು ಪ್ರತಿ ಇಡುತ್ತಾರೆ. ಸರಿ, ಹೋಗಿ ಅಳಿಸಿ ಎಂದಳು ಮದರ್ ಮಗಳು, ಅಷ್ಟೇ, ಅಳಿಸಿದ್ದಕ್ಕೆ ಸಾಕ್ಷಿ ಕೇಳಲಿಲ್ಲ.

ಅಲ್ಲಿಂದ ಲಾಂಗ್ ಬೀಚಿನವರೆಗೆ ದಾರಿಯುದ್ದಕ್ಕೂ ಅಳಿಸುವುದೇ ಬೇಡ ಎಂದು ನನಗೆ ನಾನೇ ವಾದ ಮಾಡಿಕೊಂಡು ಬಂದೆ. ಒಳ್ಳೊಳ್ಳೆಯ ಕಾರಣಗಳೇ ಸಿಕ್ಕಿದವು. ನಾಳೆ ಅವಳ ಮನಸ್ಸು ಬದಲಾಗಬಹುದು. ಮೊಮ್ಮಕ್ಕಳು ಕೇಳಬಹುದು. ಯಾರಿಗೂ ಹೇಳದೆ ಒಂದು ಮೂಲೆಯಲ್ಲಿ ಇಟ್ಟರೆ ಯಾರಿಗೇನು ನಷ್ಟ? ಮನೆಗೆ ಬಂದು ಮೇಜಿನ ಮುಂದೆ ಕೂತಾಗ ತಿಳಿಯಿತು, ಕಂಪನಿಯ ಆ ನಯದ ಹುಡುಗನೂ ಇಂಥದ್ದೇ ಮಾತಾಡಿದ್ದ. ಅವರೀಗ ಇಲ್ಲವಲ್ಲ ಅಂದಿದ್ದ. ಅಳಿಸಿದೆ.

ಸಿನಿಮಾ ಈಗಲೂ ಅಲ್ಲಿ ಇಲ್ಲಿ ಓಡುತ್ತದೆ. ಹಾಡು ಇದ್ದ ಜಾಗದಲ್ಲಿ ಗೆಳತಿ ಏನನ್ನೂ ಹಾಕಲಿಲ್ಲ. ಕಾರುಗಳ ಸಾಲು ಕಾಣುತ್ತದೆ, ಮುಂದಿನ ದೃಶ್ಯ ಬರುತ್ತದೆ. ಮೊದಲು ನೋಡಿರದವರಿಗೆ ಏನೂ ಗೊತ್ತಾಗುವುದಿಲ್ಲ. ಅವಳು ಹೊಸದಾಗಿ ಏನೂ ಶುರು ಮಾಡಿಲ್ಲ. ಕೇಳಿದರೆ, ಇನ್ನೂ ನೀರು ಹಾಕ್ತಿದೀನಿ ಅನ್ನುತ್ತಾಳೆ. ಜಾಹೀರಾತನ್ನು ಮಾತ್ರ ಅವರು ನಿಲ್ಲಿಸಿಲ್ಲ, ಜನಕ್ಕೆ ಹಿಡಿಸಿತಂತೆ, ಈ ವರ್ಷದ ಫೆಬ್ರವರಿಯಲ್ಲೂ ಬಂತು.

ಹೋದ ವಾರ ಮದರ್ ಮಗಳು ಫೋನ್ ಮಾಡಿದಳು. ಆವತ್ತಿನ ಮೇಲೆ ನಾವು ಮಾತಾಡಿರಲಿಲ್ಲ. ಬಸ್ಸಿನ ಕೆಲಸ, ಮಂಡಿನೋವು, ಚರ್ಚಿನ ಹೊಸ ಪಾದ್ರಿ ಎಂದು ಅದೂ ಇದೂ ಮಾತಾಡಿದಳು. ಫೋನ್ ಇಡುವ ಹೊತ್ತಿಗೆ, ಆ ಜಾಹೀರಾತು ಯಾವ ಚಾನೆಲಿನಲ್ಲಿ, ಎಷ್ಟು ಹೊತ್ತಿಗೆ ಬರುತ್ತೆ, ನಿಮಗೇನಾದರೂ ಗೊತ್ತಾ ಎಂದಳು.

ಗೊತ್ತಿಲ್ಲ, ಟಿವಿ ಹಾಕಿಕೊಂಡು ಕಾಯಬೇಕಷ್ಟೆ ಎಂದೆ.